ಬಣ್ಣ ಒಣಗುವ ಮೊದಲು

ಜೈಸಲ್ಮೇರ್
ಫೆಬ್ರುವರಿ ಕೊನೆಯ ವಾರ

ಪ್ರೀತಿಯ ಗೆಳತಿ,

ನಿನ್ನ ಕಾಗದವನ್ನು ಬಣ್ಣದ ಬಟ್ಟಲುಗಳ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಮಕ್ಕಳಿಗೆ ಹೇಳಿಕೊಡುತ್ತ ಹೇಳಿಕೊಡುತ್ತ ನಿನಗೋಸ್ಕರ ಕುಂಚ ಹಿಡಿಯುವುದೇ ನಿಂತುಹೋಯಿತು ಎಂದು ಬರೆದಿದ್ದೀಯಲ್ಲ, ಓದಿ ಸಂಕಟವಾಯಿತು. ಮೈಸೂರಿನ ಕಾವಾ ಕಲಾಶಾಲೆಯ ನಮ್ಮ ತರಗತಿಯಲ್ಲಿ ನಿನ್ನಷ್ಟು ಹಗುರವಾಗಿ ನೀರನ್ನು ಕಾಗದದ ಮೇಲೆ ನಡೆಸುತ್ತಿದ್ದವರು ಇನ್ನೊಬ್ಬರಿರಲಿಲ್ಲ. ಈಗ ವಾರ್ಷಿಕೋತ್ಸವದ ಪರದೆ, ಪ್ರತಿಭಾ ಕಾರಂಜಿಯ ಬ್ಯಾನರ್, ಶಾಲೆಯ ಗೋಡೆಗೆ ಸುಭಾಷಿತ. ಕೈ ಬಿಡುವಿಲ್ಲದೆ ದುಡಿಯುತ್ತಿದೆ, ಆದರೆ ಅದರಲ್ಲಿ ಒಂದೂ ನಿನ್ನದಲ್ಲ. ನಾನು ಕಲಿಸುವ ಇಲ್ಲಿನ ಶಾಲೆಯಲ್ಲೂ ಅವೇ ಕೆಲಸಗಳಿವೆ ಕಣೇ, ಬರೆಯುವ ಅಕ್ಷರ ಮಾತ್ರ ಹಿಂದಿಯದು.

ಕೊನೆಯಲ್ಲಿ ಕೇಳಿದ್ದೀಯ, ಆ ಮರಳುಗಾಡಿನಲ್ಲಿ ಬರೆಯಲಿಕ್ಕೆ ಏನಿದೆ ಅಂತ. ಉತ್ತರ ಉದ್ದವಾಗುತ್ತದೆ. ಚಹಾ ಮಾಡಿಕೊಂಡು ಕೂತು ಓದು.

ಮೊದಲು ನೆಲದ ಮಾತು. ಕ್ಯಾಲೆಂಡರಿನಲ್ಲಿ ನಾವು ನೋಡುವ ಮರಳಿನ ದಿಬ್ಬಗಳು ಇಲ್ಲಿವೆ. ಊರಿನಿಂದ ಪಶ್ಚಿಮಕ್ಕೆ 40 ಕಿಲೋಮೀಟರ್ ಹೋದರೆ ಸಮ್, ದಕ್ಷಿಣದ ಕಡೆ ಖುರಿ. ಪ್ರವಾಸಿಗರೆಲ್ಲ ಅಲ್ಲಿಗೇ ಹೋಗುತ್ತಾರೆ. ನಾನು ಹೋಗುವುದು ಕಡಿಮೆ. ಜಿಲ್ಲೆಯ ಬಹುಪಾಲು ಕಲ್ಲುನೆಲ, ಜಲ್ಲಿ, ಸೇವಣ ಹುಲ್ಲಿನ ಬಯಲು, ಮಧ್ಯೆ ಮಧ್ಯೆ ಕುರುಚಲು. ಕಲ್ಲು ಹರಡಿದ ದಿಣ್ಣೆಗೆ ಇಲ್ಲಿಯವರು ಮಗರಾ ಅನ್ನುತ್ತಾರೆ, ಮರಳ ದಿಬ್ಬಕ್ಕೆ ಧೋರಾ. ನಮ್ಮ ಶಿವಮೊಗ್ಗದಂಥ ನಾಲ್ಕು ಜಿಲ್ಲೆಗಳನ್ನು ಇದರೊಳಗೆ ಇಡಬಹುದು: 38,401 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ ಹದಿನೇಳು ಜನ. ವರ್ಷದ ಸರಾಸರಿ ಮಳೆ 200 ಮಿಲಿಮೀಟರಿನ ಆಸುಪಾಸು. ನಿನ್ನ ಊರು ಸಾಗರದ ಕಡೆ ಜುಲೈ ತಿಂಗಳ ಒಂದು ಜೋರು ದಿನದಲ್ಲೇ ಅಷ್ಟು ಸುರಿದದ್ದುಂಟು.

ಈ ನೆಲದಲ್ಲಿ ಬರೆಯಲು ಸಿಗುವುದು ದಿನಕ್ಕೆ ಎರಡು ಸಣ್ಣ ಹೊತ್ತು. ಸೂರ್ಯ ಹುಟ್ಟುವುದಕ್ಕೆ ಸ್ವಲ್ಪ ಮುಂಚಿನಿಂದ ಶಾಲೆಯ ಪ್ರಾರ್ಥನೆಯ ಗಂಟೆಯವರೆಗೆ ಒಂದು, ಸಂಜೆ ಇನ್ನೊಂದು. ಸಂಜೆಯದು ಮಕ್ಕಳಿಗೆ, ಸಹೋದ್ಯೋಗಿಗಳಿಗೆ, ಮನೆಗೆ ಹಂಚಿಹೋಗುತ್ತದೆ. ಬೆಳಗಿನದನ್ನು ನಾನು ಯಾರಿಗೂ ಕೊಡುವುದಿಲ್ಲ. ಮಧ್ಯಾಹ್ನ ಹೊರಗೆ ಕಾಗದ ಬಿಚ್ಚುವಂತೆಯೇ ಇಲ್ಲ. ಮೇ ತಿಂಗಳ 45 ಡಿಗ್ರಿ ಬಿಸಿಲು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ ನೆತ್ತಿಯ ಮೇಲಿನ ಬೆಳಕಿನಲ್ಲಿ ಈ ನೆಲಕ್ಕೆ ಆಕಾರವೇ ಇರುವುದಿಲ್ಲ. ನೆರಳಿದ್ದರೆ ಮಾತ್ರ ದಿಬ್ಬ ದಿಬ್ಬವಾಗಿ, ಹಳ್ಳ ಹಳ್ಳವಾಗಿ ಕಾಣುತ್ತದೆ. ಬಿಸಿಲಲ್ಲಿ ಬಿಳಿ ಕಾಗದ ಕಣ್ಣನ್ನೂ ಕುಕ್ಕುತ್ತದೆ. ಆ ಕುರುಡಿನಲ್ಲಿ ಹಾಕಿದ ಬಣ್ಣ ಮನೆಗೆ ಬಂದು ನೋಡಿದರೆ ಕಪ್ಪಾಗಿರುತ್ತದೆ. ಹಾಗಾಗಿ ಕಾಗದ ಯಾವಾಗಲೂ ನೆರಳಲ್ಲಿರಬೇಕು. ಕೊಡೆ ಹಿಡಿದರೂ ಕಪ್ಪು ಅಥವಾ ಬೂದು ಬಟ್ಟೆಯದೇ ಆಗಬೇಕು. ಬಣ್ಣದ ಕೊಡೆಯಾದರೆ ಅದರ ಛಾಯೆ ಪೂರ್ತಿ ಕಾಗದಕ್ಕೆ ಇಳಿಯುತ್ತದೆ.

ಇನ್ನು ನಿನಗೆ ಹೇಳಲೇಬೇಕಾದದ್ದು ನೀರಿನ ವಿಷಯ. ಫ್ಲಾಟ್ ವಾಶ್ ಹಾಕಲು ನಮಗೆ ಕಲಿಸಿದ್ದು ನೆನಪಿದೆಯಲ್ಲ. ಹಲಗೆಯನ್ನು ಸ್ವಲ್ಪ ಓರೆಯಾಗಿಸಿ, ತುಂಬಿದ ಕುಂಚವನ್ನು ಎಡದಿಂದ ಬಲಕ್ಕೆ ಎಳೆದರೆ ಕೆಳ ಅಂಚಿನಲ್ಲಿ ಬಣ್ಣದ ನೀರು ಮಣಿಕಟ್ಟಿ ನಿಲ್ಲಬೇಕು. ಮುಂದಿನ ಎಳೆತ ಆ ಮಣಿಯನ್ನು ಎತ್ತಿಕೊಂಡು ಕೆಳಗಿಳಿಯಬೇಕು. ಮಲೆನಾಡಿನಲ್ಲಿ ಆ ಮಣಿ ನಾವು ಕಾಫಿ ಕುಡಿದು ಬಂದರೂ ಕಾಯುತ್ತಿರುತ್ತದೆ. ಇಲ್ಲಿ ಕುಂಚ ಬಲ ಅಂಚು ಮುಟ್ಟುವಷ್ಟರಲ್ಲಿ ಎಡಗಡೆ ಒಣಗಿ ಗೆರೆ ಬಿದ್ದಿರುತ್ತದೆ. ಒದ್ದೆ ಕಾಗದದ ಮೇಲೆ ಬಣ್ಣ ಬಿಟ್ಟು ತಾನಾಗಿ ಹರಡಲು ಬಿಡುವ ಆಟ, ನೀನು ಅಷ್ಟು ಚೆನ್ನಾಗಿ ಆಡುತ್ತಿದ್ದದ್ದು, ಇಲ್ಲಿ ಹತ್ತು ಗಂಟೆಯ ನಂತರ ನಡೆಯುವುದೇ ಇಲ್ಲ.

ಉಪಾಯಗಳಿವೆ. ಕಾಗದವನ್ನು ಎರಡೂ ಬದಿ ನೆನೆಸಿ ಅಕ್ರಿಲಿಕ್ ಹಾಳೆಯ ಮೇಲೆ ಅಂಟಿಸಿದರೆ ಕೆಳಗಿನಿಂದ ತೇವ ಉಳಿಯುತ್ತದೆ. ಬಣ್ಣಕ್ಕೆ ಒಂದು ಹನಿ ಜೇನು ಅಥವಾ ಗ್ಲಿಸರಿನ್ ಬೆರೆಸಿದರೆ ಒಣಗುವುದು ನಿಧಾನವಾಗುತ್ತದೆ. ಇವೆಲ್ಲ ಮಾಡುತ್ತೇನೆ. ಆದರೆ ಈ ಒಣಹವೆ ಕೊಟ್ಟ ಒಂದು ದೊಡ್ಡ ಅನುಕೂಲವನ್ನು ಹೇಳದಿದ್ದರೆ ಅದಕ್ಕೆ ಅನ್ಯಾಯ ಮಾಡಿದಂತೆ. ಪದರದ ಮೇಲೆ ಪದರ. ತೆಳುವಾದ ಒಂದು ಗ್ಲೇಜ್ ಹಾಕಿ ತಲೆಯೆತ್ತುವಷ್ಟರಲ್ಲಿ ಅದು ಒಣಗಿ ಮುಂದಿನದಕ್ಕೆ ತಯಾರಾಗಿರುತ್ತದೆ. ಊರಲ್ಲಿ ಮಳೆಗಾಲದ ಒಂದು ಪೂರ್ತಿ ದಿನ ಬೇಡುವ ಆರೇಳು ಪದರಗಳನ್ನು ಇಲ್ಲಿ ಬೆಳಕು ಬದಲಾಗುವ ಮೊದಲೇ ಹಾಕಿ ಮುಗಿಸಬಹುದು. ಮರಳಿನ ಬಣ್ಣ ಹುಟ್ಟುವುದೇ ಹಾಗೆ. ಟ್ಯೂಬಿನ ಯೆಲ್ಲೋ ಓಕರ್ ಬಳಿದರೆ ಅದು ಮರಳಾಗುವುದಿಲ್ಲ. ಮೊದಲು ಬಲು ತೆಳುವಾದ ಗುಲಾಬಿ, ಅದರ ಮೇಲೆ ಓಕರ್, ನೆರಳಿನ ಕಡೆ ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಸೇರಿಸಿದ ಬೂದು, ಮತ್ತೆ ಓಕರ್. ಬೆಳಗಿನ ನೆರಳು ನೇರಳೆಗೆ ಹತ್ತಿರ, ಏಕೆಂದರೆ ಸೂರ್ಯ ಮುಟ್ಟದ ಜಾಗಕ್ಕೆ ಬೆಳಕು ಕೊಡುವುದು ನೀಲಿ ಆಕಾಶ. ಆಂಧಿ ಎಂಬ ಧೂಳುಗಾಳಿ ಎದ್ದ ಮೇ-ಜೂನ್ ದಿನಗಳಲ್ಲಿ ಆ ನೀಲಿಯೂ ಹೋಗಿ, ಆಕಾಶ ನೆಲ ಎರಡೂ ಒಂದೇ ತೂಕದ ಮಾಸಲು ಬಣ್ಣಕ್ಕೆ ಬರುತ್ತವೆ. ದಿಗಂತದ ಗೆರೆಯೇ ಇರುವುದಿಲ್ಲ. ಅಂಥ ದಿನ ಬರೆದವುಗಳು ನನಗೆ ತುಂಬ ಇಷ್ಟ. ನೋಡಿದವರಿಗೆ ಖಾಲಿ ಕಾಗದ ಅನಿಸುತ್ತದೆ.

ಜೈಸಲ್ಮೇರ್ ಎಂದರೆ ಎಲ್ಲರಿಗೂ ಚಿನ್ನ. ಸತ್ಯಜಿತ್ ರಾಯ್ 1974ರಲ್ಲಿ ‘ಸೋನಾರ್ ಕೆಲ್ಲಾ’ ಸಿನಿಮಾ ಮಾಡಿದ ಮೇಲೆ ಚಿನ್ನದ ಕೋಟೆ ಎಂಬ ಮಾತು ಇನ್ನಷ್ಟು ಗಟ್ಟಿಯಾಯಿತು. ಕೋಟೆ 1156ರದು, ಹಳದಿ ಕಲ್ಲಿನದು, ಸಂಜೆ ಹೊಳೆಯುವುದೂ ನಿಜವೇ. ಆದರೆ ಅದು ಹೊಳೆಯುವ ಹೊತ್ತು ಬಹಳ ಚಿಕ್ಕದು. ದಿನದ ಉಳಿದ ಗಂಟೆಗಳಲ್ಲಿ ಆ ಕಲ್ಲು ಕೆನೆ, ಬೂದಿ, ಕೆಲವೊಮ್ಮೆ ಹಸಿರು ಮಿಶ್ರಿತ ಮಣ್ಣುಬಣ್ಣ. ಅಂಗಡಿಗಳಲ್ಲಿ ಮಾರುವ ಚಿತ್ರಗಳಲ್ಲಿ ಆ ಗಂಟೆಗಳಿಗೆ ಜಾಗವಿಲ್ಲ, ನನಗೆ ಬೇಕಾದವು ಅವೇ.

ಈ ನೆಲವನ್ನು ಹೇಗೆ ನೋಡಬೇಕೆಂದು ನನಗೆ ತೋರಿಸಿದ್ದು ಏಳನೇ ತರಗತಿಯ ಒಬ್ಬ ಹುಡುಗ. ಪ್ರಕೃತಿ ದೃಶ್ಯ ಬರೆಯಿರಿ ಎಂದರೆ ದೇಶದ ಎಲ್ಲ ಮಕ್ಕಳೂ ಬರೆಯುವುದು ನಿನಗೆ ಗೊತ್ತೇ ಇದೆ. ಎರಡು ತ್ರಿಕೋನ ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ, ದಡದಲ್ಲಿ ಗುಡಿಸಲು, ಒಂದು ತೆಂಗಿನ ಮರ. ನದಿಯನ್ನೇ ಕಾಣದ ಇಲ್ಲಿನ ಮಕ್ಕಳೂ ಅದನ್ನೇ ಬರೆಯುತ್ತಾರೆ. ಒಂದು ದಿನ ನಾನು, ಬೆಳಿಗ್ಗೆ ಮನೆಯಿಂದ ಹೊರಟಾಗ ಕಂಡದ್ದನ್ನಷ್ಟೇ ಬರೆಯಿರಿ ಎಂದೆ. ಕುರಿ ಕಾಯುವ ಮನೆಯ ಆ ಹುಡುಗ ಕಾಗದವನ್ನು ಉದ್ದಕ್ಕೆ ಹಿಡಿದು, ಬರೀ ಗುರುತುಗಳನ್ನು ಬರೆದ. ಒಂದೆಡೆ ಜೋಡಿ ಜೋಡಿ ಚಂದ್ರಾಕಾರ, ಅದರ ಮೇಲೆ ಅಡ್ಡಹಾಯ್ದ ಒಂದು ತೆಳ್ಳನೆಯ ಗೆರೆ, ಗೆರೆಯ ಎರಡೂ ಬದಿ ಚುಕ್ಕೆಗಳು. ಇದೇನು ಅಂದರೆ, ಮೇಡಂ, ಇದು ರಾತ್ರಿ ಹೋದ ಆಡುಗಳು, ಇದು ಆಮೇಲೆ ಬಂದ ಹಲ್ಲಿ, ಬಾಲ ಎಳೆದುಕೊಂಡು ಹೋಗಿದೆ ಅಂದ. ಹಲ್ಲಿ ಆಮೇಲೆ ಬಂದದ್ದು ಹೇಗೆ ಗೊತ್ತು ಅಂದೆ. ಅದರ ಗೆರೆ ಆಡಿನ ಗೊರಸಿನ ಗುರುತನ್ನು ತುಳಿದಿದೆಯಲ್ಲ ಅಂದ. ಕಾಗದದ ಮೇಲೆ ಒಂದೂ ಪ್ರಾಣಿ ಇರಲಿಲ್ಲ, ಒಂದು ರಾತ್ರಿಯ ಸಂಚಾರವೆಲ್ಲ ಇತ್ತು.

ಇಲ್ಲಿ ಹೆಜ್ಜೆ ಓದುವವರಿಗೆ ಪಾಗಿ ಎನ್ನುತ್ತಾರೆ. ಕಳೆದ ಒಂಟೆಯನ್ನು ಹುಡುಕಲು, ಗಡಿ ದಾಟಿದವರನ್ನು ಪತ್ತೆಹಚ್ಚಲು ಅವರ ಕಣ್ಣೇ ಬೇಕು. ಗಡಿ ಭದ್ರತಾ ಪಡೆಯವರೂ ಅವರ ನೆರವು ಪಡೆಯುತ್ತಾರೆ. ಆ ಹುಡುಗನ ಚಿತ್ರ ನೋಡಿದಂದಿನಿಂದ ನಾನು ತಲೆ ತಗ್ಗಿಸಿ ಬರೆಯತೊಡಗಿದೆ. ದಿಗಂತವಿಲ್ಲ, ಆಕಾಶವಿಲ್ಲ, ಕಾಲಬುಡದ ಒಂದು ಚಾಪೆಯಗಲ ನೆಲ. ಗಾಳಿ ಮಾಡಿದ ಅಲೆ, ಒಂದು ಕಡೆ ಏರು, ಇನ್ನೊಂದು ಕಡೆ ಕಡಿದಾದ ಇಳಿಜಾರು. ಹುಲ್ಲಿನ ಒಂದು ಎಸಳು ಗಾಳಿಗೆ ಬುಡದ ಸುತ್ತ ತಿರುಗಿ ಕೈವಾರ ಹಿಡಿದು ಬರೆದಷ್ಟು ಸರಿಯಾದ ಅರ್ಧ ವೃತ್ತ ಗೀಚಿರುತ್ತದೆ. ಏಳೂವರೆಗೆ ಗಾಳಿ ಎದ್ದರೆ ಎಲ್ಲವೂ ಅಳಿಸಿಹೋಗುತ್ತದೆ, ಹಾಗಾಗಿ ಕೈ ಬೇಗ ನಡೆಯಬೇಕು. ನಿನಗೆ ಆ ಗುರುತುಗಳನ್ನು ತೋರಿಸಬೇಕು ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಮರಗಳನ್ನೂ ಬರೆಯುತ್ತೇನೆ. ಖೇಜಡಿ ಅಂದರೆ ನಮ್ಮ ಬನ್ನಿ, ಬನ್ನಿಮಂಟಪದಲ್ಲಿ ದಸರೆಗೆ ಪೂಜೆಯಾಗುವ ಅದೇ ಮರ. 1983ರಿಂದ ಇದು ರಾಜಸ್ಥಾನದ ರಾಜ್ಯವೃಕ್ಷ. ಚಳಿಗಾಲದಲ್ಲಿ ದನಕರುಗಳ ಮೇವಿಗೆಂದು ಇದರ ಕೊಂಬೆಗಳನ್ನೆಲ್ಲ ಸವರುತ್ತಾರೆ, ಆಮೇಲೆ ಉಳಿಯುವುದು ಗಂಟುಗಂಟಿನ ಬೋಳು ಕಾಂಡ. ಈಗ ಆ ಗಂಟುಗಳಿಂದ ಚಿಗುರು ಒಡೆಯುತ್ತಿದೆ. ರೋಹಿಡಾ ಮರದ ಕಿತ್ತಳೆ ಹೂವೂ ಶುರುವಾಗಿದೆ. ಇಷ್ಟು ಮಾಸಲು ನೆಲದಲ್ಲಿ ಆ ಹೂವಿನ ಬಣ್ಣವನ್ನು ಕಾಗದಕ್ಕೆ ತರಲು ಧೈರ್ಯ ಬೇಕು. ಒಂದು ಚುಕ್ಕೆ ಹೆಚ್ಚಾದರೆ ಇಡೀ ಚಿತ್ರ ಅದರ ಕಡೆಗೇ ವಾಲುತ್ತದೆ.

ಬಣ್ಣಗಳನ್ನು ನಾನು ಈಗ ಅರ್ಧ ಇಲ್ಲೇ ಮಾಡಿಕೊಳ್ಳುತ್ತೇನೆ. ಜಲವರ್ಣದ ಅಂಟು ಗಮ್ ಅರೇಬಿಕ್ ಎಂದು ಪಾಠದಲ್ಲಿ ಬರೆದುಕೊಂಡೆವು, ಅದು ಬರುವ ಮರವನ್ನು ನಾವು ನೋಡಿರಲಿಲ್ಲ. ಆ ಮರ ಇಲ್ಲಿದೆ, ಕುಮಟ್ ಎನ್ನುತ್ತಾರೆ, ಜಾಲಿಯ ಜಾತಿ. ಗಾಯವಾದ ತೊಗಟೆಯಿಂದ ಅಂಟು ಒಸರಿ ಗಟ್ಟಿಯಾಗುತ್ತದೆ. ಅದರ ಇಳುವರಿ ಹೆಚ್ಚಿಸುವ ವಿಧಾನವನ್ನು ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯವರು ರೈತರಿಗೆ ಹೇಳಿಕೊಟ್ಟಿದ್ದಾರೆ. ಸಂತೆಯಲ್ಲಿ ಹರಳಾಗಿ ಸಿಗುತ್ತದೆ. ರಾತ್ರಿ ನೀರಲ್ಲಿ ಹಾಕಿಟ್ಟು ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದರೆ ಹೊಂಬಣ್ಣದ ಮಂದ ದ್ರವ. ಬಣ್ಣಕ್ಕೆ ಗೇರು ಎಂಬ ಕೆಂಪುಮಣ್ಣಿದೆ, ಖಡಿಯಾ ಎಂಬ ಬಿಳಿಮಣ್ಣಿದೆ. ಕಲ್ಲು ಕೊಯ್ಯುವ ಕಾರ್ಖಾನೆಗಳ ಹಿಂದೆ ಬೀಳುವ ಹಳದಿ ಕಲ್ಲಿನ ಪುಡಿಯನ್ನೂ ತರುತ್ತೇನೆ. ಅದನ್ನು ಬಕೆಟ್ಟಿನಲ್ಲಿ ಕಲಕಿ, ದಪ್ಪ ಕಣ ತಳಕ್ಕೆ ಕೂರುವ ತನಕ ಕಾದು, ಮೇಲಿನ ಕದಡಿದ ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಮತ್ತೆ ಕೂರಿಸಿ, ಒಣಗಿಸಬೇಕು. ಕೊನೆಗೆ ಉಳಿಯುವುದು ಬೆರಳಿಗೆ ಮುಖದ ಪೌಡರಿನಷ್ಟು ನುಣುಪು. ಸುಣ್ಣಕಲ್ಲಾದ್ದರಿಂದ ಬಣ್ಣದ ಬಲ ಕಡಿಮೆ, ನೀರಲ್ಲಿದ್ದಾಗ ಗಾಢವಾಗಿ ಕಂಡದ್ದು ಒಣಗಿದ ಮೇಲೆ ಕೆನೆಯಾಗುತ್ತದೆ. ಆ ಕೆನೆಯನ್ನು ಯಾವ ಟ್ಯೂಬೂ ಕೊಡಲಾರದು.

ಈ ಕೆಲಸ ಮಾಡುವಾಗ ಹಸೆ ಚಿತ್ತಾರ ಬರೆಯುವ ನಿನ್ನ ಊರಿನ ದೀವರ ಹೆಂಗಸರು ಕಣ್ಮುಂದೆ ಬರುತ್ತಾರೆ. ಕೆಮ್ಮಣ್ಣಿನ ಗೋಡೆ, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಇಲ್ಲಿ ಹಳ್ಳಿಗಳಲ್ಲಿ ದೀಪಾವಳಿಗೆ ಮುಂಚೆ ಹೆಂಗಸರು ಮಣ್ಣುಗೋಡೆ ಸಾರಿಸಿ, ಗೇರು ಮತ್ತು ಖಡಿಯಾದಲ್ಲಿ ಮಾಂಡಣಾ ಎಂಬ ಚಿತ್ತಾರ ಬರೆಯುತ್ತಾರೆ. ಹಸೆ ಚಿತ್ತಾರ ಬರೆಯುವ ಅಜ್ಜಿಗೂ ಇವರಿಗೂ ಒಬ್ಬರನ್ನೊಬ್ಬರು ಕಾಣುವ ಅವಕಾಶ ಸಿಕ್ಕಿದರೆ ಮಾತಿನ ಅಗತ್ಯವೇ ಬೀಳದೆ ಕೆಲಸ ಶುರುವಾಗುತ್ತದೆ.

ಮೇಷ್ಟರಾಗಿದ್ದುಕೊಂಡು ಚಿತ್ರ ಬರೆಯುವುದು ಆಗದ ಮಾತು ಎಂದು ನೀನು ಬರೆದದ್ದಕ್ಕೆ ಒಬ್ಬರ ಕತೆ ಹೇಳುತ್ತೇನೆ. ಜಾರ್ಜಿಯಾ ಓ’ಕೀಫ್ ಅಂದರೆ ನಮಗೆ ದೊಡ್ಡ ಹೂವುಗಳು ಮತ್ತು ನ್ಯೂ ಮೆಕ್ಸಿಕೊದ ಮರುಭೂಮಿಯ ಎಲುಬುಗಳು. ಅದಕ್ಕೂ ಮೊದಲು, 1916ರಲ್ಲಿ, ಆಕೆ ಟೆಕ್ಸಾಸಿನ ಕ್ಯಾನ್ಯನ್ ಎಂಬ ಸಣ್ಣ ಊರಿಗೆ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಕಲೆ ಕಲಿಸಲು ಹೋದವರು. ಅದು ಮರುಭೂಮಿಯಲ್ಲ, ಒಣ ಹುಲ್ಲಿನ ಬಯಲು, ಮೇಲೆ ಆಕಾಶ, ಅಷ್ಟೇ. ಪಾಠ ಮುಗಿದ ಮೇಲೆ ಸಂಜೆ ತಂಗಿ ಕ್ಲಾಡಿಯಾ ಜೊತೆ ಊರಾಚೆ ನಡೆಯುತ್ತಿದ್ದರು. ತಂಗಿ ಬಾಟಲಿಗಳನ್ನು ಮೇಲಕ್ಕೆಸೆದು ಗುಂಡು ಹೊಡೆಯುವ ಅಭ್ಯಾಸ ಮಾಡುತ್ತಿದ್ದಳು, ಅಕ್ಕ ಸಂಜೆಯ ನಕ್ಷತ್ರ ನೋಡುತ್ತಿದ್ದರು. ಆ ನಡಿಗೆಗಳಿಂದ ಬಂದದ್ದು 1917ರ ‘ಈವನಿಂಗ್ ಸ್ಟಾರ್’ ಸರಣಿ. ಬಯಲಿನ ಮೇಲೆ ಬೆಳಕು ಬರುವುದನ್ನು ಬರೆದ ಮೂರು ನೀಲಿ ಜಲವರ್ಣಗಳೂ ಅದೇ ವರ್ಷದವು, ಅವೂ ತೆಳ್ಳನೆಯ ಸಾಧಾರಣ ಕಾಗದದ ಮೇಲೆ. ನಂತರ ನ್ಯೂ ಮೆಕ್ಸಿಕೊದಲ್ಲಿ ಬಿಸಿಲು ತಡೆಯಲಾರದೆ ಫೋರ್ಡ್ ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ತಿರುಗಿಸಿ, ಹಿಂದಿನ ಸೀಟಿಗೆ ಕ್ಯಾನ್ವಾಸ್ ಆನಿಸಿ ಬರೆಯುತ್ತಿದ್ದರು. ನನಗೆ ಮುಖ್ಯವಾಗಿ ಕಾಣುವುದು ಆ ಟೆಕ್ಸಾಸಿನ ಸಂಜೆಗಳು. ಆಗ ಆಕೆ ಸಂಬಳಕ್ಕೆ ಪಾಠ ಹೇಳುವ ಒಬ್ಬ ಟೀಚರ್, ನಿನ್ನ ಹಾಗೆ, ನನ್ನ ಹಾಗೆ.

ಇನ್ನೊಂದು ಚಿತ್ರವಿದೆ, ಅದು ಈ ನೆಲದ್ದೇ. ಜೋಧಪುರದ ಮಹಾರಾಜ ಮಾನ್ ಸಿಂಗ್ ಕಾಲದಲ್ಲಿ, 1823ರಲ್ಲಿ, ನಾಥ ಸಿದ್ಧರ ಚರಿತ್ರೆಯ ಹಸ್ತಪ್ರತಿಗೆ ಬುಲಾಕಿ ಎಂಬ ಚಿತ್ರಕಾರ ಬರೆದದ್ದು. ಮೆಹ್ರಾನ್‌ಗಢ ಕೋಟೆಯ ಸಂಗ್ರಹದಲ್ಲಿದೆ. ಪುಟದಲ್ಲಿ ಮೂರು ಭಾಗ. ಎರಡನೆಯದರಲ್ಲಿ, ಮೂರನೆಯದರಲ್ಲಿ ಸಿದ್ಧ ಕಾಣಿಸಿಕೊಳ್ಳುತ್ತಾನೆ. ಮೊದಲನೆಯದರಲ್ಲಿ ಏನೂ ಇಲ್ಲ, ಬರೀ ಚಿನ್ನದ ಬಣ್ಣದ ಹರವು. ಸೃಷ್ಟಿಗೆ ಮೊದಲಿನ ನಿರಾಕಾರವನ್ನು ಆತ ಹಾಗೆ ತೋರಿಸಿದ. ಅಚ್ಚಿನಲ್ಲಿ ಅದನ್ನು ನೋಡಿದಾಗ ನನಗೆ ಅನಿಸಿದ್ದು ಇದು: ಮಾರವಾಡದ ಬಯಲನ್ನು ದಿನವೂ ಕಂಡ ಕಣ್ಣಿಗಷ್ಟೇ ಒಂದು ಪುಟದ ಮೂರನೆಯ ಒಂದು ಭಾಗವನ್ನು ಇಷ್ಟು ನಿಶ್ಚಿಂತೆಯಿಂದ ಬಿಟ್ಟುಬಿಡುವುದು ಸಾಧ್ಯ. ಯಾವ ಕಲಾ ಇತಿಹಾಸಕಾರರೂ ಇದನ್ನು ಒಪ್ಪಬೇಕಿಲ್ಲ, ನಾನು ನಂಬಿದ್ದೇನೆ.

ಇಲ್ಲಿನ ಬಯಲು ಈಗ ಬರಿದಾಗಿಲ್ಲ, ಅದನ್ನೂ ಹೇಳಬೇಕು. ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ, ಸೌರ ಫಲಕಗಳು, ಅವುಗಳಿಂದ ಹೊರಟ ಹೈಟೆನ್ಷನ್ ತಂತಿಗಳು. ಗೋಡಾವಣ್ ಎಂಬ ದೊಡ್ಡ ಹಕ್ಕಿ, ದೇಶದ ಬಯಲುಗಳಲ್ಲಿ ನೂರೈವತ್ತರ ಆಸುಪಾಸಿನಷ್ಟೇ ಉಳಿದದ್ದು, ಬಹುಪಾಲು ಇಲ್ಲೇ ಇದೆ. ಭಾರದ ಮೈ, ನೇರ ಮುಂದಿರುವುದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ತಂತಿ ಹತ್ತಿರ ಬಂದ ಮೇಲೆ ತಿರುಗಲಾರದು. 2021ರಲ್ಲಿ ಸುಪ್ರೀಂ ಕೋರ್ಟು ತಂತಿಗಳನ್ನು ನೆಲದಡಿ ಹಾಕಿ ಎಂದಿತು, 2024ರಲ್ಲಿ ಆ ಆದೇಶವನ್ನು ಬದಲಿಸಿ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ನನ್ನ ಚಿತ್ರಗಳಲ್ಲಿ ತಂತಿಗಳನ್ನು ಬಿಡುವುದಿಲ್ಲ. ಅವುಗಳನ್ನು ಅಳಿಸಿ ಹಳೆಯ ಕಾಲದ ಮರುಭೂಮಿ ಬರೆದರೆ ಚಂದ ಕಾಣುತ್ತದೆ, ಆದರೆ ಆ ಹಕ್ಕಿ ಸಾಯುವುದು ಚಿತ್ರದ ಹೊರಗೆ ಉಳಿದುಬಿಡುತ್ತದೆ. ಕೂದಲಿನಷ್ಟು ತೆಳ್ಳಗೆ, ಒಂದೇ ಉಸಿರಿನಲ್ಲಿ ಆ ಗೆರೆ ಎಳೆಯುತ್ತೇನೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ಸಮಯ ಉಳಿದರೆ ಬರೆಯುತ್ತೇನೆ ಅಂದುಕೊಂಡರೆ ಅದು ಉಳಿಯುವುದಿಲ್ಲ ಕಣೇ. ಶಾಲೆಗೆ ಕೊಡುವ ಮೊದಲೇ ಒಂದು ಹೊತ್ತನ್ನು ತೆಗೆದಿಡಬೇಕು. ಆ ಹೊತ್ತಿನಲ್ಲಿ ಬರೆದದ್ದನ್ನು ನಾನು ನೋಟಿಸ್ ಬೋರ್ಡಿಗೆ ಹಾಕುವುದಿಲ್ಲ, ಮಕ್ಕಳಿಗೆ ಮಾದರಿಯಾಗಿ ತೋರಿಸುವುದಿಲ್ಲ, ಪ್ರದರ್ಶನಕ್ಕೆಂದು ಎತ್ತಿಡುವುದಿಲ್ಲ. ಮಕ್ಕಳ ಚಿತ್ರದಲ್ಲಿ ಒಳ್ಳೆಯದೇನಿದೆ ಎಂದು ಹುಡುಕುವ ಕಣ್ಣನ್ನು ಇಡೀ ದಿನ ಬೇರೆಯವರಿಗೆ ಕೊಟ್ಟಿರುತ್ತೇವೆ. ಬೆಳಗಿನ ಆ ಹೊತ್ತು ಆ ಕಣ್ಣು ನನ್ನ ಕೈಯ ಮೇಲೆ ಇರುತ್ತದೆ. ಆ ಹುಡುಗನ ಹೆಜ್ಜೆ ಗುರುತಿನ ಚಿತ್ರದ ಬೆಲೆ ನನಗೆ ಆ ಕ್ಷಣವೇ ತಿಳಿದದ್ದು, ಅದೇ ಬೆಳಿಗ್ಗೆ ನಾನೂ ಆ ಮರಳಿನ ಮುಂದೆ ಕೂತು ತಿಣುಕಿದ್ದರಿಂದ. ಬರೆಯುವುದನ್ನು ಬಿಟ್ಟ ಟೀಚರಿಗೆ ಅದು ಅರ್ಧಕ್ಕೆ ನಿಂತ ಕೆಲಸದಂತೆ ಕಂಡು, ಆಡು ಎಲ್ಲಿ ಬರಿ ಎಂದು ಹೇಳಿಬಿಡುವ ಸಂಭವವಿತ್ತು. ನಿನ್ನ ತರಗತಿಯಲ್ಲೂ ಅಂಥ ಒಂದು ಮಗು ಇದ್ದೇ ಇದೆ.

ಮಳೆ ಬಿಡಲಿ ಎಂದು ಕಾಯಬೇಡ. ನೀನು ನೀರಿನವಳು. ಬೆಂಗಳೂರಿನಲ್ಲಿ ಚಿತ್ರಕಾರ ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳ ಮುಂದೆ ನಿಂತು ಆ ಮಂಜನ್ನು ನೋಡುತ್ತ ನೀನು ಹೊರಡಲೊಲ್ಲೆ ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಆಷಾಢದಲ್ಲಿ ಒಂದು ವಾಶ್ ಒಣಗಲು ಗಂಟೆಗಟ್ಟಲೆ ಹಿಡಿಯುತ್ತದೆ ಎಂದು ದೂರಿದ್ದೀಯಲ್ಲ, ಆ ಗಂಟೆಗಳಲ್ಲಿ ಬಣ್ಣಕ್ಕೆ ಬಣ್ಣ ಸೇರುವ ಅಂಚುಗಳು ನನಗೆ ಇಲ್ಲಿ ಎಂದೂ ಸಿಗುವುದಿಲ್ಲ. ಜಗಲಿಯಲ್ಲಿ ಕೂತು, ಅಂಗಳದ ಅಡಿಕೆ ದಬ್ಬೆಯನ್ನೋ ಹಂಚಿನ ತುದಿಯನ್ನೋ ನೋಡಿ ಶುರು ಮಾಡು.

ಇದರ ಜೊತೆ ಒಂದು ಪೊಟ್ಟಣ ಕಳಿಸುತ್ತಿದ್ದೇನೆ. ಹರಳಾಗಿರುವುದು ಕುಮಟ್ ಅಂಟು, ಕಾಗದದಲ್ಲಿ ಸುತ್ತಿದ್ದು ಹಳದಿ ಕಲ್ಲಿನ ಪುಡಿ. ಒಂದು ಪಾಲು ಅಂಟಿಗೆ ಎರಡು ಪಾಲು ಬೆಚ್ಚಗಿನ ನೀರು, ಒಂದು ರಾತ್ರಿ ನೆನೆಯಲಿ. ನಿನ್ನ ಹವೆಗೆ ಬೇಗ ಬೂಷ್ಟು ಹಿಡಿಯುತ್ತದೆ, ಎರಡು ಲವಂಗ ಹಾಕಿಡು. ಜೇನು ನಿನಗೆ ಬೇಡ, ಅಲ್ಲಿ ಒಣಗುವುದೇ ಇಲ್ಲ. ಪ್ರತಿಯಾಗಿ ನನಗೆ ನಿಮ್ಮ ಹಿತ್ತಿಲಿನ ಕೆಮ್ಮಣ್ಣು ಒಂದು ಡಬ್ಬಿ ಬೇಕು, ಕಲ್ಲು ಆರಿಸಿದ್ದು, ಮತ್ತು ಸಾಧ್ಯವಾದರೆ ಎರಡು ಪುಂಡಿನಾರಿನ ಕುಂಚ. ನಿನ್ನ ಚಿತ್ರದ ಫೋಟೊ ಫೋನಿಗೆ ಕಳಿಸಬೇಡ, ಕಾಗದವನ್ನೇ ಸುತ್ತಿ ಅಂಚೆಗೆ ಹಾಕು. ಬೇಸಿಗೆ ರಜೆ ಶುರುವಾಗುವ ಮೊದಲು ಕೈ ಸೇರಿದರೆ ಒಳ್ಳೆಯದು, ಆಮೇಲೆ ಶಾಲೆಯಲ್ಲಿ ತೆಗೆದುಕೊಳ್ಳುವವರು ಯಾರೂ ಇರುವುದಿಲ್ಲ.

ಪ್ರೀತಿಯಿಂದ,
ನಿನ್ನ ಗೆಳತಿ